ನಾಲ್ಕನೆಯವನು ಮನೆಗೆ ಬಂದದ್ದು

ಗಡಿಯಾರಗಳಿಗೆ ಇನ್ನೂ ಮುಳ್ಳು ಮೂಡಿರದಿದ್ದ ಕಾಲದಲ್ಲಿ, ಕಾಡಿನ ಅಂಚಿನ ಒಂದು ಮನೆಯಲ್ಲಿ, ಒಬ್ಬ ತಾಯಿಗೆ ನಾಲ್ಕು ಜನ ಮಕ್ಕಳಿದ್ದರು. ಸೌದೆ ತರಲು ಹೋದ ನಾಲ್ವರೂ ಮಂಜಿನಲ್ಲಿ ದಾರಿ ತಪ್ಪಿದರು. ಹಿರಿಯವಳು ಒಂದು ಮಾತು ಕೂಗಿದಳು. ಅದೇ ಮಾತನ್ನು ಎರಡನೆಯವಳು ಇನ್ನೊಂದು ದಿಕ್ಕಿನಿಂದ ಕೂಗಿದಳು. ಮೂರನೆಯವನೂ ಅದನ್ನೇ ಕೂಗಿದ. ಕೂಗಿನ ಜಾಡು ಹಿಡಿದು ಮೂವರೂ ಒಬ್ಬರನ್ನೊಬ್ಬರು ಕಂಡುಕೊಂಡರು, ಮನೆ ಸೇರಿದರು. ನಾಲ್ಕನೆಯವನ ಕೂಗು ಮಾತ್ರ ಕೇಳಲಿಲ್ಲ. ಅವನು ಎಲ್ಲರಿಗಿಂತ ಕಿರಿಯವನು, ಗಂಟಲು ಮಾತ್ರ ಗುಡುಗಿನದು. ಅಂಥವನ ದನಿಯೇ ಕೇಳಲಿಲ್ಲವೆಂದರೆ ಎಷ್ಟು ದೂರ ಹೋಗಿರಬೇಕು! ತಾಯಿ ಬಾಗಿಲು ಹಾಕಲಿಲ್ಲ.

ಅಜ್ಜಿ ಕಥೆಯನ್ನು ಇಲ್ಲಿಗೆ ನಿಲ್ಲಿಸಿಬಿಡುತ್ತಿದ್ದಳು. "ಆಮೇಲೆ?" ಎಂದರೆ, "ಆಮೇಲೇನು? ಅವನು ಬರಬೇಕಲ್ಲ. ಬಾರದೇ ಇದ್ದವನನ್ನ ಬಂದ ಅಂತ ಹೇಗೆ ಹೇಳ್ಲಿ? ನನ್ನ ಬಾಯಿಗೆ ಸುಳ್ಳು ಒಗ್ಗಲ್ಲಮ್ಮ," ಎನ್ನುತ್ತಿದ್ದಳು. ಹಾರುವ ಎಮ್ಮೆಯ ಕಥೆಯನ್ನೂ, ಮಾತಾಡುವ ಕುಂಬಳಕಾಯಿಯ ಕಥೆಯನ್ನೂ ಕಣ್ಣು ಮಿಟುಕಿಸದೆ ಹೇಳಿ ಮುಗಿಸಿದ ಬಾಯಿ ಅದು. ಆದರೆ ಈ ಒಂದು ಕಥೆಯ ವಿಷಯದಲ್ಲಿ ಅವಳು ಜಗ್ಗಲಿಲ್ಲ. ಹಾಗಾಗಿ ಒಂದು ದಿನ ಏಳು ವರ್ಷದ ಮೊಮ್ಮಗಳು, ಹೊದಿಕೆಯೊಳಗಿಂದ ತಲೆ ಹೊರಗೆ ಹಾಕಿ, ಬಹಳ ಗಂಭೀರವಾಗಿ, "ನಾಲ್ಕನೆಯವನನ್ನ ನಾನೇ ಕರಕೊಂಡು ಬರ್ತೀನಿ," ಎಂದು ಮಾತು ಕೊಟ್ಟಳು. "ಕರಕೊಂಡು ಬಾ ಮತ್ತೆ. ಬಾಗಿಲು ತೆಗೆದೇ ಇರುತ್ತೆ," ಎಂದು ಅಜ್ಜಿ ದೀಪ ಆರಿಸಿದ್ದಳು.

ಆ ಮೊಮ್ಮಗಳು, ಮನೆಯವರೆಲ್ಲ ಈಗಲೂ ಗುಬ್ಬಿ ಎಂದೇ ಕರೆಯುವವಳು, ಈಗ ಕಿವಿ ಆಸ್ಪತ್ರೆಯೊಂದರ ಪರೀಕ್ಷೆಯ ಕೋಣೆಯಲ್ಲಿ, ಗಾಜಿನ ಈಚೆ ಕುಳಿತು, ಆಚೆ ಕುಳಿತ ಹಿರಿಯರೊಬ್ಬರ ಕಿವಿಗೆ ಒಂದೊಂದೇ ಸ್ವರ ಕಳಿಸುತ್ತಿದ್ದಳು. ಗೋಡೆಗಳಿಗೆಲ್ಲ ಸ್ಪಂಜು ಮೆತ್ತಿದ ಕೋಣೆ. ಒಳಗೆ ಹೋದವರು ತಮ್ಮ ಉಸಿರನ್ನೇ ಕೇಳಿ ಒಂದು ಕ್ಷಣ ಬೆಚ್ಚುತ್ತಾರೆ. ಕೇಳಿಸಿದರೆ ಗುಂಡಿ ಒತ್ತಬೇಕು, ಅಷ್ಟೆ. ಹಿರಿಯರು ನಿವೃತ್ತ ಮೇಷ್ಟ್ರು. ಅವಳು ಸ್ವರ ಕಳಿಸಿದಾಗಲೂ ಒತ್ತುತ್ತಿದ್ದರು, ಕಳಿಸದಿದ್ದಾಗಲೂ ಒತ್ತುತ್ತಿದ್ದರು. "ಕೇಳಿಸ್ತು, ಕೇಳಿಸ್ತು, ಚೆನ್ನಾಗೇ ಕೇಳಿಸ್ತಿದೆ," ಎಂದು ಗಾಜಿನತ್ತ ಕೈಬೀಸಿದರು. ಅವಳು ಏನನ್ನೂ ಕಳಿಸಿರಲಿಲ್ಲ. ಜೀವನವಿಡೀ ತರಗತಿಯ ಮುಂದೆ ನಿಂತು ಉತ್ತರ ಗೊತ್ತಿದ್ದವರ ಹಾಗೆ ಇದ್ದು ರೂಢಿಯಾದ ಮುಖ. ಅದನ್ನು ನೋಡುತ್ತಾ ಅವಳಿಗೆ ನಗು ಬರಬೇಕಿತ್ತು, ಆದರೆ ಕೆನ್ನೆ ಬಿಸಿಯಾಯಿತು. ಹದಿನೇಳರ ವಯಸ್ಸಿನಲ್ಲಿ ಅವಳೂ ಹೀಗೇ ಒಂದು ಸುಳ್ಳು ಗುಂಡಿ ಒತ್ತಿದ್ದಳು. ಸಂಗೀತ ಶಾಲೆಯಿಂದ ಮನೆಗೆ ಬಂದು, ಏನೂ ನಡೆದಿಲ್ಲವೆಂಬಂತೆ, ಸೀಟು ತುಂಬಿಬಿಟ್ಟಿತ್ತಂತೆ ಎಂದಿದ್ದಳು. ಮೇಷ್ಟ್ರ ಹೆಸರಿನ ಮುಂದೆ ಗೆರೆ ಎಳೆಯುವ ಬದಲು, "ಇನ್ನೊಂದು ಸಲ ಮಾಡೋಣ ಸರ್, ನಿಧಾನವಾಗಿ. ಕೇಳಿಸದೇ ಇದ್ರೂ ಏನೂ ಪರವಾಗಿಲ್ಲ," ಎಂದಳು. ಅವರು ಮೊದಲ ಬಾರಿಗೆ ಸುಮ್ಮನಾಗಿ, ತಲೆ ತಗ್ಗಿಸಿ, ನಿಜವಾಗಿ ಕೇಳತೊಡಗಿದರು.

ಹೋದ ವಾರ ಅದೇ ಕುರ್ಚಿಯಲ್ಲಿ ಅಜ್ಜಿ ಕೂತಿದ್ದಳು. ಕಾಲು ನೆಲ ಮುಟ್ಟುತ್ತಿರಲಿಲ್ಲ. ಹೆಡ್‌ಫೋನು ಕಿರೀಟದ ಹಾಗೆ ಜಾರಿ ಹಣೆಗೆ ಬರುತ್ತಿತ್ತು. ಗುಬ್ಬಿ ತಾರಕದ ಸ್ವರಗಳಿಂದ ಶುರುಮಾಡಿದಳು, ಒಂದೊಂದೇ ಮೆಟ್ಟಿಲು ಸದ್ದು ಏರಿಸಿದಳು. ಈಚೆಯವರಿಗೂ ಕಿವಿ ಚುಚ್ಚುವಷ್ಟು ಏರಿಸಿದಾಗ ಅಜ್ಜಿ ಗಾಜಿನ ಮೇಲೆ ಬೆರಳಲ್ಲಿ ತಟ್ಟಿ ಕೇಳಿದಳು: "ಏನೇ ಗುಬ್ಬಿ, ಮಿಷಿನ್ ಕೆಟ್ಟಿದೆಯೇನೇ? ಸುಮ್ಮನೆ ಕೂತಿದೆಯಲ್ಲ!" ಮಿಷಿನ್ನು ಹಾಡುತ್ತಿತ್ತು. ಕಾಗದದ ಮೇಲೆ ಗೆರೆ ಗುಡ್ಡದಿಂದ ಉರುಳುವ ಕಲ್ಲಿನಂತೆ ಇಳಿಯಿತು. ಮಂದ್ರದಲ್ಲಿ ಮಾತ್ರ ಇನ್ನೂ ಸ್ವಲ್ಪ ನೆಲ ಉಳಿದಿತ್ತು. ಡಾಕ್ಟರು ನೋಡಿ, "ಕೆಳಗಿನದು ಇದೆ, ಸದ್ಯಕ್ಕೆ," ಎಂದರು. ಆ 'ಸದ್ಯಕ್ಕೆ' ಅಂದಿನಿಂದ ಗುಬ್ಬಿಯ ಜೊತೆ ಬಸ್ಸು ಹತ್ತುತ್ತಿತ್ತು, ಊಟಕ್ಕೆ ಕೂರುತ್ತಿತ್ತು, ದಿಂಬಿನ ಪಕ್ಕ ಮಲಗುತ್ತಿತ್ತು. ಯಾಕೆಂದರೆ ಗುಡುಗಿನ ಗಂಟಲಿನ ಆ ನಾಲ್ಕನೆಯವನು ಇರುವುದು ಅಲ್ಲೇ, ಮಂದ್ರದಲ್ಲಿ. ಅವನನ್ನು ಕರೆತರುವುದಾದರೆ ಅಜ್ಜಿಯ ಕಿವಿಯಲ್ಲಿ ಆ ನೆಲ ಇರುವಾಗಲೇ ಕರೆತರಬೇಕು.

ಮೇಷ್ಟ್ರನ್ನು ಕಳಿಸಿ ಕೋಣೆಯ ದೀಪ ಆರಿಸುವಾಗ ಫೋನು ನಡುಗಿತು. ಚಿಕ್ಕಮ್ಮ. "ಎದ್ದು ಕೂತಿದೆ ಕಣೇ ನಮ್ಮ ಕುಂಭಕರ್ಣ ಮಿಷಿನ್ನು! ಎರಡು ಬಿಡಿಭಾಗ ಬದಲಾಯಿಸಿದೆ, ಮೂರು ಸಲ ಶಾಕ್ ಹೊಡಿಸಿಕೊಂಡೆ, ಕೂದಲು ನೋಡಿದ್ರೆ ನೀನು ನನ್ನ ಗುರುತೇ ಹಿಡಿಯಲ್ಲ. ನೀನು ಬರ್ತೀಯೋ, ಇಲ್ಲಾ ನಾನೇ ಬಾರಿಸಿ ಎಲ್ಲಾ ಕೆಡಿಸ್ಲೋ?"

"ಬರ್ತೀನಿ," ಎಂದಳು. ಹದಿನೇಳರ ನಂತರ ಅವಳು ಯಾವ ವಾದ್ಯವನ್ನೂ ಮುಟ್ಟಿರಲಿಲ್ಲ.

ಬಸ್ಸಿನ ಕಿಟಕಿಯ ಗಾಜು ಸಡಿಲವಾಗಿತ್ತು, ಒಂದೇ ಸ್ವರದಲ್ಲಿ ಗುಯ್‌ಗುಡುತ್ತಿತ್ತು. ಡ್ರೈವರ್ ವೇಗ ಹೆಚ್ಚಿಸಿದಂತೆ ಅದೂ ಏರುತ್ತಿತ್ತು, ಬ್ರೇಕ್ ಹಾಕಿದರೆ ಇಳಿಯುತ್ತಿತ್ತು. ಗುಬ್ಬಿಯ ಗಂಟಲು ತನಗೇ ಗೊತ್ತಿಲ್ಲದಂತೆ ಅದರ ಜೊತೆ ಏರಿ ಇಳಿಯಿತು. ಮೊದಲ ಸಲ ಚಿಕ್ಕಮ್ಮನ ಮಹಡಿಯ ಕೋಣೆಗೆ ಹೋದಾಗಲೂ ಹೀಗೇ ಒಂದು ಗುಯ್‌ಗಾಟ ಬಾಗಿಲ ಸಂದಿಯಿಂದ ಬಂದು ಕಾಲಿಗೆ ಸುತ್ತಿಕೊಂಡಿತ್ತು. ಚಿಕ್ಕಮ್ಮ ಆಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದಿನವಿಡೀ ಬೋರ್ಡಿನ ತೂತುಗಳಿಗೆ ವೈರು ಸಿಕ್ಕಿಸಿ ಯಾರನ್ನೋ ಯಾರಿಗೋ ಕೂಡಿಸುವ ಕೆಲಸ. ಮುಚ್ಚಿಹೋದ ಜಾಹೀರಾತು ಸ್ಟುಡಿಯೋ ಒಂದರಿಂದ, ಯಾರಿಗೂ ಬೇಡವಾದ ಬೀರುವಿನಂಥ ಒಂದು ಸಿಂಥಸೈಜರನ್ನು, ಕರೆಂಟಿನಿಂದ ಸ್ವರ ಹುಟ್ಟಿಸುವ ವಾದ್ಯವನ್ನು, ಅವಳು ಮನೆಗೆ ಹೊತ್ತು ತರಿಸಿದಾಗ, ಮನೆಯವರು ಬಾಯಿ ಮೇಲೆ ಕೈ ಇಟ್ಟರು. ಅವಳೊಬ್ಬಳಿಗೇ ಅದು ಪರಿಚಿತ ಮುಖ. ಅದರ ತುಂಬ ತೂತುಗಳು, ತೂತುಗಳ ತುಂಬ ವೈರುಗಳು. ಒಂದು ವೈರು ಸಿಕ್ಕಿಸಿ, "ಹಲೋ, ಯಾರು ಬೇಕಿತ್ತು?" ಎಂದು ಕೇಳುವಳು. ಮಿಷಿನ್ನು 'ಊಂ' ಎನ್ನುವುದು. "ಅವರು ಊರಲ್ಲಿಲ್ಲ, ಆಮೇಲೆ ಮಾಡಿ," ಎಂದು ವೈರು ಕೀಳುವಳು. ಗುಬ್ಬಿ ನೆಲದ ಮೇಲೆ ಉರುಳಾಡಿ ನಗುತ್ತಿದ್ದಳು.

ಅದೇ ಕೋಣೆಯಲ್ಲಿ ಒಂದು ಗ್ರಾಮಾಫೋನ್ ತಟ್ಟೆ ಇತ್ತು, ಬೆಳ್ಳಿ ಬಣ್ಣದ ಹೊದಿಕೆಯದು. ನೂರಾರು ವರ್ಷ ಹಿಂದಿನ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಯಾರೋ ದೂರದವರು ಇಂಥದೇ ಬೀರುವಿನಿಂದ ನುಡಿಸಿದ್ದರು. ಮುಳ್ಳು ಇಟ್ಟ ಕೂಡಲೇ ಕೋಣೆಯೊಳಗೆ ನೀರಿನಿಂದ ಮಾಡಿದ ಗಾಜಿನ ಗೋಲಿಗಳು ಉರುಳತೊಡಗುತ್ತಿದ್ದವು. ಒಂದು ಗೋಲಿ ಓಡುತ್ತದೆ, ಇನ್ನೊಂದು ಅದನ್ನು ಅಟ್ಟಿಸಿಕೊಂಡು ಹೋಗುತ್ತದೆ, ಮೂರನೆಯದು ಅಡ್ಡ ಬಂದು ಎರಡನ್ನೂ ನಗಿಸುತ್ತದೆ. ಯಾವುದಕ್ಕೂ ಮೈ ಇಲ್ಲ, ಮುಖವಿಲ್ಲ, ಬೆವರಿಲ್ಲ. ಶಾಸ್ತ್ರೀಯ ಸಂಗೀತವೆಂದರೆ ಬೀರುವಿನೊಳಗೆ ತಾನೇ ತಾನಾಗಿ ಬೆಳೆಯುವ ಏನೋ ಒಂದು ಎಂದು ಅವಳು ಬಹಳ ವರ್ಷ ನಂಬಿದ್ದಳು. ಒಮ್ಮೆ ಟಿವಿಯಲ್ಲಿ ಕಪ್ಪು ಕೋಟು ಹಾಕಿದ ನೂರು ಜನ ಪಿಟೀಲು ಹಿಡಿದು ಅದೇ ಸ್ವರಗಳನ್ನು ಬಾರಿಸುವುದನ್ನು ನೋಡಿ, ಮೂಗು ಮುರಿದು, "ಇವರೆಲ್ಲ ಸೇರಿ ಮಿಷಿನ್‌ನ ಅಣಕಿಸ್ತಿದ್ದಾರೆ," ಎಂದಳು. ಚಿಕ್ಕಮ್ಮ ಕುಡಿಯುತ್ತಿದ್ದ ಚಹಾ ಮೂಗಿಗೆ ಹತ್ತಿಸಿಕೊಂಡಿದ್ದಳು.

ಆ ತಟ್ಟೆ ಕೇಳಿಯೇ ಚಿಕ್ಕಮ್ಮನಿಗೂ ಹುಚ್ಚು ಹಿಡಿಯಿತು. ತಾನೂ ಒಂದನ್ನು ಮಾಡಬೇಕು. ಲೈಬ್ರರಿಯಿಂದ ಒಂದು ಸ್ವರಲಿಪಿಯ ಪುಸ್ತಕ ತಂದಳು, ನಾಲ್ಕು ದನಿಗಳ ಒಂದು ಪುಟ್ಟ ರಚನೆ ಆರಿಸಿದಳು. ಬೀರುವಿಗೆ ಒಂದು ಸಲಕ್ಕೆ ಒಂದೇ ಸ್ವರ ನುಡಿಸಲು ಬರುತ್ತಿತ್ತು. ಹಾಗಾಗಿ ಒಂದು ದನಿ ಪೂರ್ತಿ ಬಾರಿಸಿ ಟೇಪಿಗೆ ಇಳಿಸಬೇಕು, ಅದನ್ನು ಕೇಳುತ್ತಾ ಎರಡನೆಯದನ್ನು ಅದರ ಪಕ್ಕದ ಸಾಲಿಗೆ ಇಳಿಸಬೇಕು, ಹೀಗೆ. ಅಗಲವಾದ ಟೇಪು, ಅದರ ಮೇಲೆ ನಾಲ್ಕು ಸಾಲು, ಗದ್ದೆಯ ನೇಗಿಲ ಗೆರೆಗಳ ಹಾಗೆ. ಕೊರೆಯುವ ಚಳಿಗಾಲದಲ್ಲಿ, ಎಕ್ಸ್‌ಚೇಂಜಿಗೆ ಹೊರಡುವ ಮುಂಚಿನ ಬೆಳಗುಗಳಲ್ಲಿ, ಉಣ್ಣೆಯ ಟೋಪಿ ಹಾಕಿಕೊಂಡು ಮೂರು ದನಿಗಳನ್ನು ಇಳಿಸಿದಳು. ನಾಲ್ಕನೆಯದು, ಎಲ್ಲಕ್ಕಿಂತ ಕೆಳಗಿನ ಮಂದ್ರದ ದನಿ, ಕೂರಲಿಲ್ಲ. ಗುಬ್ಬಿಗೆ ಬಾಯಿಪಾಠವಾಗುವಷ್ಟು ಸಲ ಬಾರಿಸಿದರೂ ಕೂರಲಿಲ್ಲ. ಬೇಸಿಗೆ ಬಂತು, ಬೀರು ಕೆಟ್ಟಿತು, ಅದರ ಮೇಲೆ ಒಂದು ಹಳೆಯ ಬೆಡ್‌ಶೀಟು ಬಿತ್ತು. ಮೂರೇ ದನಿಯ ಟೇಪನ್ನು ಗುಬ್ಬಿ ದಿನಾ ಹಾಕಿಸಿಕೊಂಡು ಕೇಳಿದಳು. ಅಜ್ಜಿ ಮಹಡಿ ಹತ್ತಿ ಬಂದು ಅಲ್ಲಿದ್ದ ಮಂಚದ ತುದಿಯಲ್ಲಿ ಕೂತು, ಒಂದು ಸಂಜೆ, ಕೂಗಿಗೆ ಕೂಗು ಕೊಡುವ ಆ ಮೂರು ದನಿಗಳನ್ನು ಕೇಳಿ, "ಇವು ಮಕ್ಕಳು ಕಣೇ. ದಾರಿ ತಪ್ಪಿವೆ," ಎಂದಳು. ಕಥೆ ಹುಟ್ಟಿದ್ದು ಹಾಗೆ. ಅದು ಮುಗಿಯದೆ ಉಳಿದದ್ದೂ ಹಾಗೆಯೇ.

ಸ್ಟಾಪು ಬಂತೆಂದು ಕಂಡಕ್ಟರ್ ಕೂಗಿದಾಗ ಅವಳು ಹದಿನೇಳರ ವಯಸ್ಸಿಗೆ ಮರಳಿ, ಪ್ರವೇಶ ಪರೀಕ್ಷೆಗೆಂದು, ಸಂಗೀತ ಶಾಲೆಯ ಉದ್ದನೆಯ ಕೋಣೆಯಲ್ಲಿದ್ದಳು. ಮೂವರು ಪರೀಕ್ಷಕರು. ಪಾಲಿಶ್ ಮಾಡಿದ ನೆಲದಲ್ಲಿ ಅವರ ಬೂಟುಗಳು ತಲೆಕೆಳಗಾಗಿ ಕಾಣುತ್ತಿದ್ದವು. ನಿನಗೆ ಬಹಳ ಇಷ್ಟವಾದದ್ದನ್ನು ಹಾಡು ಎಂದರು. ಅವಳು ಚಿಕ್ಕಮ್ಮನ ಟೇಪಿನ ಮೊದಲ ದನಿಯನ್ನು, ಕಣ್ಣು ಮುಚ್ಚಿ, ಮೊದಲಿಂದ ಕೊನೆಯ ತನಕ ಹಾಡಿದಳು. ಒಂದು ಸ್ವರವನ್ನೂ ಬಿಡಲಿಲ್ಲ. ಮುಗಿಸಿ ಕಣ್ಣು ತೆರೆದಾಗ ಪಿಯಾನೋ ಮುಂದೆ ಕುಳಿತಿದ್ದವರು ಒಂದು ಸ್ವರದ ಮನೆಯನ್ನು, ಬೆರಳಗಲದ ಪಟ್ಟಿಯನ್ನು, ಒತ್ತಿದರು. ಅವಳು ಆರಂಭಿಸಿದ ಸ್ವರ. ನಂತರ ಅದರ ಪಕ್ಕದ್ದನ್ನು ಒತ್ತಿದರು. ಅವಳು ಬಂದು ನಿಂತ ಸ್ವರ. "ಹತ್ತಿದ್ದು ಒಂದೂರಲ್ಲಿ, ಇಳಿದದ್ದು ಪಕ್ಕದೂರಲ್ಲಿ! ಟಿಕೆಟ್ ತಗೊಂಡಿದ್ದೆಯೇನಮ್ಮ?" ಎಂದರು ನಡುವಿನವರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಮೂವರೂ ನಕ್ಕರು, ಬಾಗಿಲ ಹೊರಗೆ ಸಾಲು ನಿಂತವರೂ ನಕ್ಕರು. ಅವಳೂ ನಕ್ಕಳು, ಅದೇ ಎಲ್ಲಕ್ಕಿಂತ ನಾಚಿಕೆಯ ಸಂಗತಿ. ಕಿವಿ ಜಾರುವ ಹುಡುಗಿ. ಆಮೇಲೆ ಕೆಲಸಕ್ಕೆ ಸೇರಿದ ಮೊದಲ ವಾರವೇ ತನ್ನ ಕಿವಿಯನ್ನು ತಾನೇ ಪರೀಕ್ಷಿಸಿಕೊಂಡಿದ್ದಳು. ಕಾಗದದ ಗೆರೆ, ತುಂಬಿದ ಕೆರೆಯ ನೀರಿನಷ್ಟು ಸಮನಾಗಿತ್ತು. ಆದರೂ ನಂಬಿಕೆ ಬರಲಿಲ್ಲ. ದೋಷ ಇನ್ನೂ ಒಳಗೆಲ್ಲೋ ಇರಬೇಕು, ಹೆಡ್‌ಫೋನು ಮುಟ್ಟದ ಕಡೆ. ಪರೀಕ್ಷೆಯ ಆ ದಿನದಿಂದಲೇ ಅವಳು ಮಹಡಿ ಹತ್ತುವುದನ್ನು ಬಿಟ್ಟಿದ್ದಳು. ಹುಡುಗಿಗೆ ಬೇಜಾರು ಬಂತೇನೋ ಎಂದುಕೊಂಡು ಚಿಕ್ಕಮ್ಮ ಕೆಲವು ಸಂಜೆ ಟೇಪನ್ನು ಬೇಕೆಂದೇ ಜೋರಾಗಿ ಹಾಕಿ, ಬಾಗಿಲು ತೆರೆದಿಟ್ಟು, ಕಾದು, ನಂತರ ತಾನೂ ಸುಮ್ಮನಾಗಿದ್ದಳು. ಕೆಳಗೆ ಅಡುಗೆಮನೆಯಲ್ಲಿ ಗುಬ್ಬಿ ನಲ್ಲಿ ತಿರುಗಿಸಿ, ಪಾತ್ರೆಯ ಮೇಲೆ ನೀರು ಬಿಟ್ಟು ಆ ಸದ್ದನ್ನು ಮುಚ್ಚುತ್ತಿದ್ದಳು.

ಈಗ ಮಹಡಿಯ ಮೆಟ್ಟಿಲುಗಳು ಅವಳು ನೆನಪಿಟ್ಟುಕೊಂಡದ್ದಕ್ಕಿಂತ ಗಿಡ್ಡವಾಗಿದ್ದವು. ಕೋಣೆಯಲ್ಲಿ ವೈರುಗಳಿಗೆ ಬೆಸುಗೆ ಹಾಕಿ ಸುಟ್ಟ ರಾಳದ ವಾಸನೆ. ಚಿಕ್ಕಮ್ಮನ ನರೆಗೂದಲು ನಿಜಕ್ಕೂ ಎದ್ದು ನಿಂತಿತ್ತು. ಬೀರುವಿನ ಕೆಂಪು ದೀಪ ಉರಿಯುತ್ತಿತ್ತು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಅಜ್ಜಿ, ಮದುವೆಮನೆಗೆ ಬಂದವಳಂತೆ ಒಳ್ಳೆ ಸೀರೆ ಉಟ್ಟು, ಕಾಲ ಮೇಲೆ ಕಂಬಳಿ ಹೊದ್ದು ಕೂತಿದ್ದಳು.

"ಅಜ್ಜಿನ ಯಾಕೆ ಹತ್ತಿಸಿದೆ?"

"ನಾನೆಲ್ಲಿ ಹತ್ತಿಸ್ದೆ? ತಾನೇ ಹತ್ತಿ ಬಂದ್ಲು. ಮೆಟ್ಟಿಲಿಗೊಂದು ಬೈಗುಳ."

"ಏನಂತಾಳೆ ಇವಳು?" ಅಜ್ಜಿ ಜೋರಾಗಿ ಕೇಳಿದಳು. "ಜೋರಾಗಿ ಬೈರೇ, ನನಗೂ ಕೇಳ್ಲಿ."

ಚಿಕ್ಕಮ್ಮ ಟೇಪು ಹಾಕಿದಳು. ಮೊದಲ ದನಿ ಹೊರಟಿತು, ಹಿರಿಯವಳ ಕೂಗು, ಮಂಜಿನಲ್ಲಿ ಬೆಳ್ಳಿಯ ದಾರ ಎಸೆದ ಹಾಗೆ. ಗುಬ್ಬಿಯ ತೋಳಿನ ರೋಮ ಎದ್ದಿತು. ಅಜ್ಜಿಯ ಮುಖದಲ್ಲಿ ಏನೂ ಕದಲಲಿಲ್ಲ. ಆ ದನಿ ಅವಳ ಪಾಲಿಗೆ ಈಗಾಗಲೇ ಕಾಡು ಸೇರಿತ್ತು. ಎರಡನೆಯದು, ಮೂರನೆಯದು. ಗುಬ್ಬಿ ಬೀರುವಿನ ಸ್ವರದ ಮನೆಗಳ ಮೇಲೆ ಬೆರಳಿಟ್ಟಳು. ಕಿರಿಯವನ ಸರದಿ ಬಂದಾಗ ಒತ್ತಿದಳು. ಬೀರುವಿನ ಆಳದಿಂದ ಎದ್ದ ಸ್ವರಕ್ಕೆ ನೆಲದ ಹಲಗೆ ನಡುಗಿತು. ಒಂದಷ್ಟು ದೂರ ಚೆನ್ನಾಗಿಯೇ ಹೋಯಿತು. ಆಮೇಲೆ ಅಕ್ಕಂದಿರ ದನಿಗೂ ಇವನ ದನಿಗೂ ನಡುವೆ, ಅನ್ನದಲ್ಲಿ ಕಲ್ಲು ಸಿಕ್ಕಿದಂತೆ, ಏನೋ ಕರಕರ ಎಂದಿತು. ಹೋಗುತ್ತಾ ಹೋಗುತ್ತಾ ಹಲ್ಲು ಜುಮ್ಮೆನ್ನುವಷ್ಟಾಯಿತು.

"ಇಲ್ಲೇ!" ಚಿಕ್ಕಮ್ಮ ಟೇಪು ನಿಲ್ಲಿಸಿ ತೊಡೆ ತಟ್ಟಿಕೊಂಡಳು. "ಅವಾಗ್ಲೂ ಇಲ್ಲೇ ಎಡವಿದ್ದು ನಾನು. ಹಾಳಾದ್ದು ಏರುತ್ತಲ್ಲ!"

"ಏನು ಏರುತ್ತೆ?"

"ಟೇಪಲ್ಲಿರೋದು. ತಣ್ಣಗಿರೋ ಮಿಷಿನ್ ಬಿಸಿಯಾಗ್ತಾ ಸ್ವರ ಮೇಲೇರುತ್ತೆ ಕಣೇ. ಹೊತ್ತಿಸಿ ಸ್ವಲ್ಪ ಹೊತ್ತು ಕಾಯಬೇಕು, ಆಮೇಲೆ ಬಾರಿಸಬೇಕು. ನನಗೆಲ್ಲಿತ್ತು ತಾಳ್ಮೆ? ಡ್ಯೂಟಿಗೆ ಬೇರೆ ಹೊತ್ತಾಗ್ತಿತ್ತು. ಆ ಚಳೀಲಿ ಹೊತ್ತಿಸಿದ ತಕ್ಷಣ ಬಾರಿಸಿಬಿಟ್ಟೆ, ಮೂರು ಸಲನೂ. ಮೂರೂ ಒಂದೇ ಸಮ ಏರಿದ್ವು, ಕೇಳೋರಿಗೆ ಗೊತ್ತೇ ಆಗಲ್ಲ. ನಾಲ್ಕನೇದಕ್ಕೆ ಚಳಿ ಮುಗಿದುಹೋಯ್ತು. ಎಲ್ಲಿಂದ ತರ್ಲಿ ಆ ಚಳೀನ?"

ಗುಬ್ಬಿ ತಾನು ಕೂತಿದ್ದ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡಳು. ಪಾಲಿಶ್ ಮಾಡಿದ ನೆಲ, ತಲೆಕೆಳಗಾದ ಬೂಟುಗಳು, ಪಿಯಾನೋದ ಮೇಲೆ ಒಂದರ ಪಕ್ಕ ಒಂದು ಎರಡು ಮನೆ. ಹತ್ತು ವರ್ಷಕ್ಕೂ ಮಿಕ್ಕಿ ತನ್ನೊಳಗಿನ ದೋಷವೆಂದು ಸಾಕಿಕೊಂಡು ಬಂದದ್ದು ಒಂದು ಯಂತ್ರ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ ಸದ್ದು. ಅವಳು ಅದನ್ನೂ ಸಂಗೀತವೆಂದೇ ಕಲಿತಿದ್ದಳು. ಚಿಕ್ಕಮ್ಮನ ಆತುರವನ್ನು, ಆ ಬೆಳಗುಗಳ ಚಳಿಯನ್ನು, ಉಣ್ಣೆಯ ಟೋಪಿಯನ್ನು ಸಮೇತ ಕಲಿತಿದ್ದಳು. ನಗು ಹೊಟ್ಟೆಯಿಂದ ಹೊರಟು ಗಂಟಲಿಗೆ ಬರುವಷ್ಟರಲ್ಲಿ ಕಣ್ಣಿಗೂ ಹೋಗಿತ್ತು.

"ಯಾಕೇ, ಏನಾಯ್ತೇ?"

"ಸೀಟು ತುಂಬಿರ್ಲಿಲ್ಲ ಚಿಕ್ಕಮ್ಮ. ಪರೀಕ್ಷೇಲಿ ನಾನು ನಿನ್ನ ಟೇಪ್ ಹಾಡಿದೆ. ಏರಿಸ್ಕೊಂಡೇ ಹಾಡಿದೆ. ಎಲ್ಲರೂ ನಕ್ಕುಬಿಟ್ರು."

ಚಿಕ್ಕಮ್ಮ ಕೈಯಲ್ಲಿದ್ದ ವೈರನ್ನು ಬೆರಳಿಗೆ ಸುತ್ತಿಕೊಂಡಳು. ತೆರೆದಿಟ್ಟ ಬಾಗಿಲಿನ ಆ ಸಂಜೆಗಳೆಲ್ಲ ಅವಳ ಮುಖದ ಮೇಲೆ ಹಾದುಹೋದದ್ದು ಗುಬ್ಬಿಗೆ ಕಂಡಿತು. ನಂತರ ಚಿಕ್ಕಮ್ಮ ಕನ್ನಡಕ ಮೇಲೆ ಸರಿಸಿ, ರಿಪೇರಿಯ ದನಿಯಲ್ಲಿ ಕೇಳಿದಳು: "ಎಷ್ಟು ಏರಿಸಿದೆ?"

"ಅರ್ಧ ಸ್ವರ. ಪಕ್ಕದ ಮನೆಗೆ ಹೋಗಿ ನಿಂತಿದ್ದೆ."

"ಹಾಗಾದ್ರೆ ಸರಿಯಾಗೇ ಹಾಡಿದ್ದೀಯ. ಅಷ್ಟೇ ಏರೋದು ಅದು."

ಮನೆಗಳ ಎಡಕ್ಕೆ, ಬೀರುವಿನ ಎದೆಯ ಮೇಲೆ, ಶ್ರುತಿಯ ದಪ್ಪ ತಿರುಗಣೆ ಇತ್ತು. ಗುಬ್ಬಿ ಎಡಗೈಯನ್ನು ಅದರ ಮೇಲಿಟ್ಟಳು. "ಇನ್ನೊಂದು ಸಲ ಹಾಕು," ಎಂದಳು. "ರೆಕಾರ್ಡು ಒತ್ತಿಬಿಡು."

"ಅಭ್ಯಾಸ ಬೇಡ್ವಾ?"

"ಇಪ್ಪತ್ತು ವರ್ಷದಿಂದ ತಲೆಯೊಳಗೆ ಅದೇ ಮಾಡಿದ್ದೀನಿ."

ಟೇಪಿನ ಚಕ್ರಗಳು ತಿರುಗಿದವು. ಹಿರಿಯವಳು ಕೂಗಿದಳು. ಎರಡನೆಯವಳು. ಮೂರನೆಯವನು. ಗುಬ್ಬಿ ಕಣ್ಣು ಮುಚ್ಚಿದಳು. ಬಲಗೈ ಕಿರಿಯವನ ಮಾತನ್ನು ಒಂದೊಂದೇ ಹೆಜ್ಜೆ ಇಡಿಸಿತು. ಎಡಗೈ, ಕೂದಲೆಳೆಯಷ್ಟು, ಕೂದಲೆಳೆಯಷ್ಟು, ಅವನನ್ನು ಏರಿಸುತ್ತಾ ಹೋಯಿತು. ಎಲ್ಲಿ ಎಷ್ಟೆಂದು ಅವಳು ಲೆಕ್ಕ ಹಾಕಲಿಲ್ಲ. ಮಣಿಕಟ್ಟಿಗೆ ಗೊತ್ತಿತ್ತು, ಪಕ್ಕೆಲುಬಿಗೆ ಗೊತ್ತಿತ್ತು. ಇಲ್ಲಿ ಸ್ವಲ್ಪ ಬೇಗ ಏರುತ್ತದೆ, ಇಲ್ಲಿ ಉಸಿರು ಬಿಡುತ್ತದೆ, ಇಲ್ಲಿ ಮತ್ತೆ. ಕಲ್ಲು ಸಿಗುವ ಜಾಗ ಬಂತು. ಕಲ್ಲು ಇರಲಿಲ್ಲ. ನಾಲ್ಕು ದನಿಗಳು ಒಂದರ ತೋಳಲ್ಲಿ ಒಂದು ತೋಳು ಹಾಕಿಕೊಂಡು ಆ ಜಾಗವನ್ನು ದಾಟಿದವು. ಆಗ ಕೋಣೆ ಹಿಗ್ಗಿತು. ಮೂರು ದನಿಗಳಿದ್ದಾಗ ಅವಕ್ಕೆ ನೆಲವೇ ಇರಲಿಲ್ಲವೆಂದು, ಇಷ್ಟು ವರ್ಷ ಅವು ಗಾಳಿಯಲ್ಲೇ ಕೂಗುತ್ತಿದ್ದವೆಂದು ಅವಳಿಗೆ ಈಗ ತಿಳಿಯಿತು. ಆ ಮೂವರು ಪರೀಕ್ಷಕರನ್ನು ಕರೆತಂದು ಇಲ್ಲಿ ಕೂರಿಸಬೇಕೆನಿಸಿತು. ಹಂಗಿಸಲು ಅಲ್ಲ. ಪಾಪ, ಅವರಿಗೆ ಬರೇ ಪಿಯಾನೋ ಗೊತ್ತು, ಮನೆಯಿಂದ ಮನೆಗೆ ಗೋಡೆ ಇರುವ ಪಿಯಾನೋ. ಗೋಡೆಗಳ ನಡುವಿನ ಈ ಓಣಿಯಲ್ಲಿ ಹೂವು ಬಿಟ್ಟಿರುವುದನ್ನು ಅವರೂ ನೋಡಲಿ. ಕೊನೆಯ ಸ್ವರಕ್ಕೆ ನಾಲ್ವರೂ ಒಟ್ಟಿಗೆ ಬಂದರು, ಹೊರಟದ್ದಕ್ಕಿಂತ ಅರ್ಧ ಸ್ವರ ಮೇಲೆ, ಪಕ್ಕದೂರಲ್ಲಿ. ಅಲ್ಲಿ ನಿಂತರು. ಅವಳು ಬೆರಳು ಎತ್ತಲಿಲ್ಲ. ಟೇಪಿನಲ್ಲಿ ಅಕ್ಕಂದಿರೂ ಅಣ್ಣನೂ ಮೌನವಾದ ಮೇಲೂ ಕಿರಿಯವನನ್ನು ಒಂದು ಉಸಿರಿನಷ್ಟು ಹೆಚ್ಚು ಇರಗೊಟ್ಟಳು. ಬಹಳ ದೂರದಿಂದ ನಡೆದು ಬಂದಿದ್ದ.

ಚಿಕ್ಕಮ್ಮ ಮೂಗು ಒರೆಸಿಕೊಂಡು, ಟೇಪನ್ನು ಹಿಂದಕ್ಕೆ ಸುತ್ತಿ, ದೊಡ್ಡ ಸ್ಪೀಕರನ್ನು ಎಳೆದು ಅಜ್ಜಿಯ ಮಂಡಿಗೆ ತಾಗಿಸಿ ನಿಲ್ಲಿಸಿದಳು. ಗುಬ್ಬಿ ಅಜ್ಜಿಯ ಪಕ್ಕ ನೆಲದ ಮೇಲೆ ಕೂತು, ಆ ಒಣಗಿದ ಅಂಗೈಯನ್ನು ಸ್ಪೀಕರಿನ ಬಟ್ಟೆಯ ಮೇಲೆ ಇರಿಸಿದಳು. ಟೇಪು ಹೊರಟಿತು. ಹಿರಿಯವಳು ಕೂಗಿದಳು, ಅಜ್ಜಿ ಕಿಟಕಿಯ ಕಡೆ ನೋಡುತ್ತಿದ್ದಳು. ಎರಡನೆಯವಳು ಕೂಗಿದಳು, ಅಜ್ಜಿ ಕಂಬಳಿಯ ನೂಲೊಂದನ್ನು ಕಿತ್ತಳು. ಮೂರನೆಯವನ ಕೂಗಿಗೆ ಸ್ವಲ್ಪ ತಲೆ ವಾಲಿಸಿದಳು, ಬೀದಿಯಲ್ಲಿ ಯಾರೋ ಕರೆದರೇನೋ ಎಂಬಂತೆ. ಗುಬ್ಬಿಗೆ ಆಸ್ಪತ್ರೆಯ ಕಾಗದ, ಅದರ ಮೇಲೆ ಉರುಳಿದ ಗೆರೆ, 'ಸದ್ಯಕ್ಕೆ' ಎಂಬ ಮಾತು, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಕಿರಿಯವನು ಬಂದ. ಸ್ಪೀಕರಿನ ಬಟ್ಟೆ ಉಬ್ಬಿತು. ಅಂಗೈ ನಡುಗಿತು. ಏನೋ ಹೇಳಲೆಂದು ತೆರೆದ ಅಜ್ಜಿಯ ಬಾಯಿ ತೆರೆದೇ ಉಳಿಯಿತು. ಅವಳು ಉಸಿರು ಹಿಡಿದು, ಕತ್ತು ಚಾಚಿ, ಕೊನೆಯ ತನಕ ಕೇಳಿದಳು. ಆಮೇಲೆ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು, ಯಾರು ಮೊದಲು ಹೇಳುತ್ತಾರೋ ಎನ್ನುವ ಹಾಗೆ, ನಂತರ ತಾನೇ ಹೇಳಿದಳು.

"ಬಂದ."

"ಬಂದ ಅಜ್ಜಿ."

"ಗಂಟಲು ನೋಡು ಅವನದು! ಅಷ್ಟು ದೂರ ಅಲೆದು ಬಂದಿದಾನೆ, ಒಂಚೂರೂ ಇಳಿದಿಲ್ಲ." ಕೈಯನ್ನು ಸ್ಪೀಕರಿನ ಮೇಲಿಂದ ತೆಗೆಯದೆಯೇ, ಹಾರುವ ಎಮ್ಮೆಯ ಕಥೆ ಹೇಳುತ್ತಿದ್ದ ಕಾಲದ ದನಿಯಲ್ಲಿ, ನಿಧಾನವಾಗಿ ಹೇಳಿದಳು: "ಬಂದ, ಕಾಲು ತೊಳ್ಕೊಂಡ, ಅಕ್ಕಂದಿರ ನಡುವೆ ಜಾಗ ಮಾಡ್ಕೊಂಡು ಕೂತ. ತಾಯಿ ಏನೂ ಕೇಳ್ಲಿಲ್ಲ. ನಾಲ್ಕೂ ತಲೆ ಒಂದ್ಸಲ ಎಣಿಸಿದ್ಲು." ಆಮೇಲೆ ಗುಬ್ಬಿಯ ಬೆನ್ನ ಮೇಲೊಂದು ಗುದ್ದು ಹಾಕಿದಳು. "ಏಳೇ. ಗಾಳಿ ಬರ್ತಿದೆ. ಇನ್ನೂ ಯಾರಿಗೆ ಕಾಯ್ತಿದ್ದೀಯ?"

ಗುಬ್ಬಿ ಎದ್ದು ಹೋಗಿ ಬಾಗಿಲು ಹಾಕಿದಳು.